ಕೊಂಬು ಅಳೆದವರು ಬೆಟ್ಟ ಅಳೆಯಲಿಲ್ಲ

ನಮ್ಮ ಕಡೆ ಕಾಡುಕುರಿ ಎಂದರೆ ಬೊಗಳುವ ಪ್ರಾಣಿ. ಮುಸ್ಸಂಜೆಗೆ ಕಾಫಿ ತೋಟದ ಅಂಚಿಗೆ ಬಂದು ನಿಂತು, ಚಿರತೆಯ ವಾಸನೆ ಬಡಿದರೆ ನಾಯಿಯ ಹಾಗೆ ಒಂದೇ ಸಮ ಬೊಗಳಿ ಊರಿಗೆಲ್ಲ ಡಂಗುರ ಹೊಡೆಯುವ ಪುಟ್ಟ ಜಿಂಕೆ ಅದು. ಕೊಂಡುಕುರಿ ಎಂದರೆ ನಾಲ್ಕು ಕೊಂಬಿನ ಹುಲ್ಲೆ. ಎರಡಕ್ಕೂ ಕುರಿಯ ಜೊತೆ ಇರುವ ನೆಂಟಸ್ತಿಕೆ ಹೆಸರಿನದು ಮಾತ್ರ. ನಿಜವಾದ ಕಾಡಿನ ಕುರಿ ಕರ್ನಾಟಕದಲ್ಲಿಲ್ಲ, ದಕ್ಷಿಣ ಭಾರತದಲ್ಲೆಲ್ಲೂ ಇಲ್ಲ. ನೀಲಗಿರಿಯ ತಾರ್ ನೋಡಲು ಆಡಿನ ಹಾಗಿದೆ, ವಂಶವಾಹಿ ಪರೀಕ್ಷಿಸಿದವರು ಅದು ಕುರಿಗೇ ಹತ್ತಿರ ಎನ್ನುತ್ತಾರೆ, ಆದರೂ ಕುರಿಯಲ್ಲ.

ಹಾಗಾಗಿ ಸಿಯಾಟಲ್‌ನಲ್ಲಿ ನೆಲೆಸಿರುವ ನನ್ನ ಬಾಲ್ಯದ ಗೆಳೆಯ, ಸಕಲೇಶಪುರ ಕಡೆಯವನು, ಫೋನು ಮಾಡಿ 'ಕಾಡುಕುರಿ ಶಿಕಾರಿಗೆ ಹೋಗಬೇಕು ಅಂತ ಇದ್ದೀನಿ ಮಾರಾಯ, ಎಲ್ಲಿಗೆ ಅಂತ ತೀರ್ಮಾನ ಆಗ್ತಿಲ್ಲ' ಎಂದಾಗ ನಾನು ನಕ್ಕೆ. ಅವನು ನಗಲಿಲ್ಲ. ಅವನು ಹೇಳುತ್ತಿದ್ದುದು ಟಗರಿನ ವಿಷಯ. ಸುರುಳಿ ಕೊಂಬಿನ, ಹಿಮದ ಅಂಚಿನಲ್ಲಿ ಮೇಯುವ, ಒಂದನ್ನು ಹೊಡೆಯಲು ನಮ್ಮೂರಿನ ಎರಡು ಎಕರೆ ತೋಟದ ಬೆಲೆ ಕೇಳುವ ಟಗರು. ನಾನು ಬಂದೂಕು ಹಿಡಿದವನಲ್ಲ. ಅಜ್ಜನ ಲೈಸೆನ್ಸ್ ಕೋವಿಗೆ ಎಣ್ಣೆ ಹಚ್ಚಿದ್ದೇ ನನ್ನ ಶಿಕಾರಿಯ ಅನುಭವ. ಆದರೆ ಹಳೆಯ ಶಿಕಾರಿ ಪುಸ್ತಕಗಳನ್ನು ಗುಡ್ಡೆ ಹಾಕಿಕೊಂಡಿರುವವನು ಎಂಬ ಕಾರಣಕ್ಕೆ ನನ್ನನ್ನು ಕೇಳಿದ. ಜೊತೆಗೆ ಒಂದು ಪಟ್ಟಿ ಕಳಿಸಿದ. ಅಲಾಸ್ಕ, ಯೂಕಾನ್, ಬ್ರಿಟಿಷ್ ಕೊಲಂಬಿಯ, ಆಲ್ಬರ್ಟ, ಮೆಕ್ಸಿಕೊದ ಸೊನೋರ, ತಾಜಿಕಿಸ್ತಾನ, ಮಂಗೋಲಿಯ. ಪ್ರತಿ ಊರಿನ ಎದುರು ಮೂರು ಅಂಕಣ: ನೂರಕ್ಕೆ ಎಷ್ಟು ಮಂದಿಗೆ ಟಗರು ಸಿಕ್ಕಿತು, ಕೊಂಬು ಎಷ್ಟು ಅಂಗುಲ, ಶುಲ್ಕ ಎಷ್ಟು ಡಾಲರು.

ಕುರಿ ಬೇಟೆಯ ಲೋಕದಲ್ಲಿ ಎಲ್ಲರೂ ಕೊಡುವ ಬುದ್ಧಿಮಾತು ಈ ಮೂರು ಅಂಕಣದೊಳಗೇ ಇದೆ. ಕೊಂಬು ದೊಡ್ಡದಿರುವ, ಯಶಸ್ಸು ನೂರರ ಹತ್ತಿರವಿರುವ ಜಾಗಗಳಲ್ಲಿ ನಿನ್ನ ಜೇಬಿಗೆ ಎಟುಕುವುದನ್ನು ಆರಿಸಿಕೋ. ಆಮೇಲೆ ಗೈಡು ಎಲ್ಲ ನೋಡಿಕೊಳ್ಳುತ್ತಾನೆ. ಅನುಭವಿಗಳೂ ಇದನ್ನೇ ಹೇಳುತ್ತಾರೆ, ಮಾರುವವರೂ ಇದನ್ನೇ ಹೇಳುತ್ತಾರೆ. ಇಬ್ಬರೂ ಒಂದೇ ಮಾತು ಹೇಳುತ್ತಿದ್ದರೆ ನನಗೆ ಅನುಮಾನ ಶುರುವಾಗುತ್ತದೆ. ಈ ಮೂರು ಅಂಕಣಗಳಲ್ಲಿ ಒಂದೂ ಜಾಗದ ಗುಣ ಹೇಳುವುದಿಲ್ಲ, ಜಾಗದ ಗುಣ ತಿಳಿಯಬೇಕಾದರೆ ಆ ಬೆಟ್ಟ ಯಾರ ಕೈಲಿದೆ, ಈ ವರ್ಷ ಹೊಡೆದ ಟಗರಿನ ನಷ್ಟ ಮುಂದಿನ ವರ್ಷ ಯಾರ ತಲೆಗೆ ಬೀಳುತ್ತದೆ ಎಂದು ಕೇಳಬೇಕು ಎಂಬುದು ನನ್ನ ವಾದ.

ಮೊದಲು ಯಶಸ್ಸಿನ ಅಂಕಣ. ತಾಜಿಕಿಸ್ತಾನದ ಪಾಮಿರ್ ಪ್ರಸ್ಥಭೂಮಿಯಲ್ಲಿ ಮಾರ್ಕೊ ಪೋಲೊ ಕುರಿಗೆ ಹೋದವರಲ್ಲಿ ಬರಿಗೈಯಲ್ಲಿ ಬಂದವರು ಅಪರೂಪ. ಯಾಕೆ? ಮುರ್ಗಾಬ್ ಸುತ್ತಿನ ಆ ನೆಲ ಸಮುದ್ರಮಟ್ಟದಿಂದ 4000 ಮೀಟರಿನ ಆಸುಪಾಸು, ಆದರೆ ಬಹುಪಾಲು ಬಯಲು. ಚಳಿಗಾಲದಲ್ಲಿ ಹಿಂಡುಗಳು ಕೆಳಗಿಳಿಯುತ್ತವೆ, ಬೆದೆಯ ಕಾಲ, ಸೋವಿಯತ್ ಕಾಲದ ಜೀಪಿನಲ್ಲಿ ಹಿಂಡಿನ ಹತ್ತಿರದ ದಿಬ್ಬದವರೆಗೆ ಹೋಗಬಹುದು, ಆಮೇಲೆ ದೂರದಿಂದ ಗುಂಡು. ಅಲ್ಲಿ ನೂರಕ್ಕೆ ನೂರು ಬಂದರೆ ಅದು ಜೀಪಿನ ಅಂಕ. ಅಲಾಸ್ಕದಲ್ಲಿ ಗೈಡ್ ಇಟ್ಟುಕೊಂಡು ಹೋಗುವ ಹೊರರಾಜ್ಯದವರಿಗೆ ಅಲ್ಲಿಯ ನಿವಾಸಿಗಳಿಗಿಂತ ಬಹಳ ಹೆಚ್ಚು ಟಗರು ಸಿಗುತ್ತವೆ. ಅದರಲ್ಲಿ ಗೈಡಿನ ಜಾಣ್ಮೆ ಎಷ್ಟು, ಅವನ ವಿಮಾನ ಎಷ್ಟು, ಹತ್ತು ದಿನದ ರಜೆಯಲ್ಲಿ ಬೆಟ್ಟದಲ್ಲೇ ಕೂತಿರಬಲ್ಲವನ ಪುರುಸೊತ್ತು ಎಷ್ಟು ಎಂದು ಶೇಕಡಾವಾರು ಅಂಕಿ ಬಿಡಿಸಿ ಹೇಳುವುದಿಲ್ಲ. ಇನ್ನೊಂದು ಸಂಗತಿ ಅದಕ್ಕಿಂತ ಮುಖ್ಯ. ಒಂದು ಕಣಿವೆಯಲ್ಲಿದ್ದ ಕೊನೆಯ ಮುದಿ ಟಗರನ್ನು ಹೊಡೆದ ವರ್ಷವೂ ಯಶಸ್ಸು ನೂರಕ್ಕೆ ನೂರೇ. ಅಂಗಡಿ ಮುಚ್ಚುವ ದಿನ ಎಲ್ಲ ಸರಕೂ ಮಾರಿಹೋಯಿತು ಎಂದು ಸೇಟು ಬೀಗಿದ ಹಾಗೆ.

ಕೊಂಬಿನ ಅಂಕಣ ಇನ್ನೂ ತಮಾಷೆಯದು. ಬೇಟೆಯ ದಾಖಲೆ ಇಡುವ ಬೂನ್ ಆಂಡ್ ಕ್ರಾಕೆಟ್ ಕ್ಲಬ್ಬಿನವರು ಕೊಂಬಿನ ಉದ್ದ, ನಾಲ್ಕು ಕಡೆ ಸುತ್ತಳತೆ ಎಲ್ಲ ಕೂಡಿಸಿ ಅಂಗುಲದ ಎಂಟನೇ ಒಂದು ಭಾಗದವರೆಗೆ ಲೆಕ್ಕ ಹಾಕುತ್ತಾರೆ. ಬಿಗ್‌ಹಾರ್ನ್ ಟಗರಿನಲ್ಲಿ ಅವರ ವಿಶ್ವದಾಖಲೆ 216 ಮತ್ತು 3/8. ಆ ಟಗರನ್ನು ಹೊಡೆದವರು ಯಾರು ಗೊತ್ತೆ? ಯಾರೂ ಅಲ್ಲ. ಮೊಂಟಾನ ರಾಜ್ಯದ ಫ್ಲ್ಯಾಟ್‌ಹೆಡ್ ಸರೋವರದ ನಡುವೆ ವೈಲ್ಡ್ ಹಾರ್ಸ್ ಐಲ್ಯಾಂಡ್ ಎಂಬ ದ್ವೀಪವಿದೆ, ಅದು ರಾಜ್ಯದ ಉದ್ಯಾನ, ಅಲ್ಲಿ ಬೇಟೆ ಇಲ್ಲ. 2016ರಲ್ಲಿ ಅಲ್ಲಿ ತಾನಾಗಿ ಸತ್ತು ಬಿದ್ದಿದ್ದ ಟಗರಿನ ತಲೆ ಅದು. ಜಗತ್ತಿನ ಅತಿ ದೊಡ್ಡ ಬಿಗ್‌ಹಾರ್ನ್ ಕೊಂಬು ಬೆಳೆದದ್ದು ಗೈಡೂ ಇಲ್ಲದ, ಶುಲ್ಕವೂ ಇಲ್ಲದ, ಪಟ್ಟಿಯ ಯಾವ ಸಾಲಿನಲ್ಲೂ ಬಾರದ ಜಾಗದಲ್ಲಿ.

ಇದರ ಎದುರುಬದಿ ಕೆನಡಾದ ಆಲ್ಬರ್ಟದಲ್ಲಿದೆ. ಅಲ್ಲಿನ ರ‍್ಯಾಮ್ ಮೌಂಟನ್ ಎಂಬ ಬೆಟ್ಟದ ಬಿಗ್‌ಹಾರ್ನ್ ಕುರಿಗಳನ್ನು ಜೀವಶಾಸ್ತ್ರಜ್ಞರು 1970ರ ದಶಕದ ಆರಂಭದಿಂದ ಒಂದೊಂದನ್ನೂ ಗುರುತು ಹಿಡಿದು, ತೂಗಿ, ಅಳೆದು ದಾಖಲಿಸುತ್ತ ಬಂದರು. ಕೊಂಬು ಸುರುಳಿಯ ಐದರಲ್ಲಿ ನಾಲ್ಕು ಭಾಗ ತಿರುಗಿದ್ದರೆ ಹೊಡೆಯಬಹುದು ಎಂಬುದು ಆ ಕಾಲದ ನಿಯಮ; ಪ್ರಾಂತದ ನಿವಾಸಿ ಯಾರು ಬೇಕಾದರೂ ಪರವಾನಗಿ ಕೊಳ್ಳಬಹುದಿತ್ತು. ಫಲಿತಾಂಶ 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಮೂವತ್ತು ವರ್ಷಗಳಲ್ಲಿ ಆ ಬೆಟ್ಟದ ಟಗರುಗಳ ಕೊಂಬು ಸಣ್ಣದಾಗಿತ್ತು. ಬೇಗ ಬೇಗ ಕೊಂಬು ಬೆಳೆಸಿದ ಟಗರು ನಾಲ್ಕನೇ ಐದನೇ ವರ್ಷಕ್ಕೇ ಕಾನೂನುಬದ್ಧ ಗುರಿಯಾಗುತ್ತದೆ, ಹೆಣ್ಣಿನ ಹತ್ತಿರ ಹೋಗುವ ಸರದಿ ಬರುವ ಮೊದಲೇ ಸಾಯುತ್ತದೆ. ಮೋಟು ಕೊಂಬಿನವನು ಬದುಕುತ್ತಾನೆ, ಅವನ ಮರಿಗಳು ಉಳಿಯುತ್ತವೆ. ಈ ಕುಗ್ಗುವಿಕೆಯಲ್ಲಿ ವಂಶದ ಪಾಲೆಷ್ಟು, ಮೇವಿನ ಪಾಲೆಷ್ಟು ಎಂದು ವಿಜ್ಞಾನಿಗಳು ಆಮೇಲೆ ಜಗಳವಾಡಿದ್ದಾರೆ, ಆ ಜಗಳ ಪೂರ್ತಿ ಮುಗಿದಿಲ್ಲ. ನಮ್ಮ ಬಯಲುಸೀಮೆಯ ಕುರುಬರಿಗೆ ಮಾತ್ರ ಇದನ್ನು ವಿವರಿಸುವ ಅಗತ್ಯವಿಲ್ಲ. ಹಿಂಡಿನಲ್ಲಿ ಒಳ್ಳೆಯ ಟಗರನ್ನು ಬೀಜಕ್ಕೆ ಉಳಿಸಿ ಬಡಕಲನ್ನು ಸಂತೆಗೆ ಹೊಡೆಯುತ್ತಾರೆ. ಕೊಂಬಿನ ಬೇಟೆಗಾರ ಮಾಡುವುದು ಸರಿಯಾಗಿ ಅದರ ತಿರುವುಮುರುವು.

ಹೀಗೆ ಅಂಗುಲ ಎಣಿಸುವವರೇ 'ಗ್ರ್ಯಾಂಡ್ ಸ್ಲ್ಯಾಮ್' ಎಂಬ ಇನ್ನೊಂದು ಹುಚ್ಚು ಹಚ್ಚಿಕೊಂಡಿದ್ದಾರೆ. 1940ರ ದಶಕದ ಕೊನೆಗೆ ಗ್ರಾನ್ಸೆಲ್ ಫಿಟ್ಜ್ ಎಂಬ ಅಮೆರಿಕನ್ ಬರಹಗಾರ ಪತ್ರಿಕೆಯೊಂದರಲ್ಲಿ ಈ ಮಾತನ್ನು ಚಲಾವಣೆಗೆ ತಂದ. ಉತ್ತರ ಅಮೆರಿಕದ ನಾಲ್ಕು ಬಗೆಯ ಟಗರು, ಅಂದರೆ ಡಾಲ್, ಸ್ಟೋನ್, ರಾಕಿ ಬೆಟ್ಟದ ಬಿಗ್‌ಹಾರ್ನ್, ಮರುಭೂಮಿಯ ಬಿಗ್‌ಹಾರ್ನ್, ನಾಲ್ಕನ್ನೂ ಹೊಡೆದವನು ದೊಡ್ಡ ಬೇಟೆಗಾರ. ಜೀವಶಾಸ್ತ್ರದ ಕಣ್ಣಿಗೆ ಇವು ನಾಲ್ಕಲ್ಲ, ಎರಡೇ ಪ್ರಭೇದ: ತೆಳು ಕೊಂಬಿನ ಡಾಲ್ ಮತ್ತು ಸ್ಟೋನ್ ಒಂದು, ಬಿಗ್‌ಹಾರ್ನ್ ಎರಡೂ ಸೇರಿ ಇನ್ನೊಂದು. ಬಿಳಿಯ ಡಾಲ್ ಇರುವ ಕಡೆಯಿಂದ ಕಪ್ಪು ಸ್ಟೋನ್ ಇರುವ ಕಡೆಗೆ ನಡೆದು ಹೋದರೆ ನಡುವೆ ಬೂದು ಬಣ್ಣದವೂ ಸಿಗುತ್ತವೆ. ಆದರೂ ಪುಸ್ತಕದಲ್ಲಿ ನಾಲ್ಕು ಮನೆ ಇವೆ, ಆದ್ದರಿಂದ ನಾಲ್ಕೂ ತುಂಬಬೇಕು. ಸ್ಟೋನ್ ಟಗರು ಇರುವುದು ಬ್ರಿಟಿಷ್ ಕೊಲಂಬಿಯದ ಉತ್ತರ ತುದಿ, ಯೂಕಾನಿನ ದಕ್ಷಿಣ ತುದಿಯಲ್ಲಿ ಮಾತ್ರ. ಇಡೀ ಲೋಕದ ಸ್ಲ್ಯಾಮ್ ಹುಚ್ಚರು ಆ ಒಂದು ತುಂಡು ಬೆಟ್ಟದ ಮೇಲೆ ಮುಗಿಬಿದ್ದ ಮೇಲೆ ಗೈಡ್ ಶುಲ್ಕ 50,000 ಡಾಲರ್ ದಾಟಿ ಓಡಿದ್ದರಲ್ಲಿ ಆಶ್ಚರ್ಯವೇನು? ಅಂಚೆಚೀಟಿ ಸಂಗ್ರಹಿಸುವವರಿಗಾದರೂ ಚೀಟಿಯನ್ನು ಮತ್ತೆ ಮುದ್ರಿಸಬಹುದು ಎಂಬ ಸಮಾಧಾನವಿದೆ.

ಗೆಳೆಯನ ಪಟ್ಟಿಯ ಮೊದಲ ಸಾಲಿಗೆ ಬರುತ್ತೇನೆ. 'ಮೊದಲ ಸಲಕ್ಕೆ ಅಲಾಸ್ಕಕ್ಕೇ ಹೋಗು' ಎಂಬುದು ಕುರಿ ಬೇಟೆಗಾರರ ಅತಿ ಸಾಮಾನ್ಯ ಸಲಹೆ. ಹೊರರಾಜ್ಯದ ಅಮೆರಿಕನ್ ಅಲ್ಲಿ ಡಾಲ್ ಕುರಿ ಹೊಡೆಯಬೇಕಾದರೆ ನೋಂದಾಯಿತ ಗೈಡ್ ಇರಲೇಬೇಕು, ಅಥವಾ ಅಲ್ಲೇ ನೆಲೆಸಿದ ಹತ್ತಿರದ ಸಂಬಂಧಿಯಾದರೂ ಜೊತೆಗಿರಬೇಕು. ಅಮೆರಿಕದ ಪೌರತ್ವವಿಲ್ಲದ ಹೊರಗಿನವನಾದರೆ ಯಾವ ದೊಡ್ಡ ಪ್ರಾಣಿಗೂ ಗೈಡ್ ಬೇಕು. ಟಗರಿನ ಕೊಂಬು ಪೂರ್ತಿ ಒಂದು ಸುತ್ತು ತಿರುಗಿರಬೇಕು, ಇಲ್ಲವೇ ಎರಡು ಕೊಂಬಿನ ತುದಿಯೂ ಮುರಿದಿರಬೇಕು, ಇಲ್ಲವೇ ವಯಸ್ಸು ಎಂಟಾಗಿರಬೇಕು. ಆಗಸ್ಟ್ 10ಕ್ಕೆ ಋತು ಶುರು, ಸೆಪ್ಟೆಂಬರ್ 20ಕ್ಕೆ ಮುಗಿಯುತ್ತದೆ. ಕಾಗದದ ಮೇಲೆ ಇದಕ್ಕಿಂತ ಅಚ್ಚುಕಟ್ಟು ಬೇರೆಲ್ಲೂ ಇಲ್ಲ.

ಬೆಟ್ಟದ ಮೇಲಿನ ಕಥೆ ಬೇರೆ. ಮೊದಲು ಅಲಾಸ್ಕದಲ್ಲಿ ಒಬ್ಬೊಬ್ಬ ಗೈಡಿಗೆ ಒಂದೊಂದು ಪ್ರದೇಶ ಮೀಸಲಿತ್ತು, ಅಲ್ಲಿ ಬೇರೆ ಗೈಡ್ ಕಾಲಿಡುವಂತಿರಲಿಲ್ಲ. 1988ರಲ್ಲಿ ಓಸಿಚೆಕ್ ಪ್ರಕರಣದಲ್ಲಿ ಅಲಾಸ್ಕದ ಸುಪ್ರೀಂ ಕೋರ್ಟ್ ಈ ಪದ್ಧತಿಯನ್ನು ರದ್ದು ಮಾಡಿತು. ಮೀನು, ಪ್ರಾಣಿ, ನೀರು ಎಲ್ಲವೂ ಜನರೆಲ್ಲರ ಬಳಕೆಗೆ ಎಂದು ಅಲ್ಲಿಯ ಸಂವಿಧಾನವೇ ಹೇಳಿರುವಾಗ ಒಬ್ಬನಿಗೇ ಬರೆದುಕೊಡುವುದು ಸಲ್ಲದು ಎಂದಿತು. ತೀರ್ಪು ಓದಿದರೆ ಯಾವ ಪ್ರಜಾಪ್ರಭುತ್ವವಾದಿಗೂ ಖುಷಿಯಾಗುತ್ತದೆ, ನನಗೂ ಆಯಿತು. ಪರಿಣಾಮ ಏನೆಂದರೆ, ರಾಜ್ಯದ ನೆಲದಲ್ಲಿ ಎಷ್ಟು ಗೈಡುಗಳು ಬೇಕಾದರೂ ಒಂದೇ ಕಣಿವೆಗೆ ಇಳಿಯಬಹುದು. ಏಳು ವರ್ಷದ ಚೆಂದದ ಟಗರನ್ನು ನೋಡಿ, ಇನ್ನೆರಡು ವರ್ಷ ಬಿಡೋಣ ಎಂದು ಗೈಡ್ ಯೋಚಿಸಿದರೆ ಎಂಟು ತುಂಬಿದ ಕೂಡಲೇ ಆಚೆ ದಿಬ್ಬದ ಡೇರೆಯವನು ಹೊಡೆಯುತ್ತಾನೆ. ಬಿಟ್ಟವನು ಬೆಪ್ಪ. ನಮ್ಮೂರ ಹೊಳೆಯಲ್ಲಿ ಮೀನಿಗೆ ಆದದ್ದೂ ಇದೇ: ನಾನು ಬಿಟ್ಟರೆ ಇನ್ನೊಬ್ಬ ಹಿಡಿಯುತ್ತಾನೆ ಎಂದು ಎಲ್ಲರೂ ಹೇಳಿಕೊಂಡು ಎಲ್ಲರೂ ಹಿಡಿದರು.

ಮೇಲಿಂದ ವಿಮಾನದ ಕಾಟ. ಹಾರಿದ ದಿನವೇ ಹೊಡೆಯುವಂತಿಲ್ಲ ಎಂಬ ನಿಯಮ ಮೊದಲೂ ಇತ್ತು, ಆದರೆ ಋತುವಿನುದ್ದಕ್ಕೂ ಪುಟ್ಟ ವಿಮಾನಗಳು ಕಣಿವೆಯ ಗೋಡೆಗೆ ಅಂಟಿ ಹಾರಿ ಟಗರು ಹುಡುಕುತ್ತಿದ್ದವು. ಜಗಳ ಎಷ್ಟು ಬೆಳೆಯಿತೆಂದರೆ 2015ರಲ್ಲಿ ಅಲ್ಲಿಯ ಬೇಟೆ ಮಂಡಳಿ ಋತುವಿನ ಅವಧಿಯಲ್ಲಿ ವಿಮಾನದಿಂದ ಕುರಿ ಹುಡುಕುವುದನ್ನೇ ನಿಷೇಧಿಸಿತು. ಅಲಾಸ್ಕ ರೇಂಜಿನ ಪಶ್ಚಿಮ ಭಾಗ, ಅವರ ಲೆಕ್ಕದ 19ಸಿ ಘಟಕ, ಒಂದು ಕಾಲಕ್ಕೆ ಗೈಡುಗಳ ಅಚ್ಚುಮೆಚ್ಚಿನ ನೆಲ. 2023ರಿಂದ ಅದನ್ನು ಐದು ವರ್ಷದ ಮಟ್ಟಿಗೆ ಹೊರಗಿನವರಿಗೆ ಮುಚ್ಚಲಾಯಿತು. ಕುರಿ ಕಡಿಮೆಯಾದದ್ದಕ್ಕೆ ಗೈಡುಗಳೇ ಕಾರಣ ಎಂದು ನಾನು ಹೇಳುತ್ತಿಲ್ಲ. ಚಳಿಗಾಲದ ನಡುವೆ ಮಳೆ ಬಿದ್ದು ಹಿಮದ ಮೇಲೆ ಗಾಜಿನಂಥ ಪದರ ಕಟ್ಟುತ್ತದೆ, ಗೊರಸಿನಿಂದ ಕೆರೆದರೂ ಹುಲ್ಲು ಸಿಗುವುದಿಲ್ಲ. ಅಂಥ ಕೆಟ್ಟ ವರ್ಷಗಳು ಒಂದರ ಹಿಂದೊಂದು ಬಂದವು. ಮುದಿ ಗಂಡುಗಳನ್ನಷ್ಟೇ ಹೊಡೆದರೆ ಹಿಂಡಿನ ಸಂಖ್ಯೆ ಕುಗ್ಗುವುದಿಲ್ಲ ಎಂದು ಅಲಾಸ್ಕದ ಇಲಾಖೆಯ ಜೀವಶಾಸ್ತ್ರಜ್ಞರು ಹೇಳುತ್ತಾರೆ, ಅದೂ ಸರಿಯೇ ಇರಬಹುದು. ಆದರೆ ಗೈಡ್ ಇಟ್ಟುಕೊಂಡು ಹೋಗುವವನು ಹಿಂಡಿನ ಸಂಖ್ಯೆ ನೋಡಲು ಹೋಗುತ್ತಿಲ್ಲ. ಅವನಿಗೆ ಬೇಕಾದ್ದು ಒಂಬತ್ತು ಹತ್ತು ವರ್ಷದ ಟಗರು. ಅಷ್ಟು ವರ್ಷ ಬದುಕಲು ಯಾರಾದರೂ ಬಿಡಬೇಕು. ಯಾರಿಗೂ ಬಿಡುವ ಕಾರಣವಿಲ್ಲದ ನೆಲದಲ್ಲಿ ಹೊಡೆಯಲು ಯೋಗ್ಯವಾದದ್ದು ಉಳಿಯುವುದಿಲ್ಲ. ಅದೇ ಅಲಾಸ್ಕದಲ್ಲಿ ಕೇಂದ್ರ ಸರ್ಕಾರದ ವನ್ಯಧಾಮಗಳಿವೆ, ಅಲ್ಲಿ ಸ್ಪರ್ಧೆಯ ಮೂಲಕ ಆರಿಸಿದ ಗೈಡಿಗೆ ಒಂದು ಪ್ರದೇಶ ಸಿಗುತ್ತದೆ. ಒಂದೇ ರಾಜ್ಯ, ಒಂದೇ ಕುರಿ, ಒಂದೇ ಸುರುಳಿಯ ನಿಯಮ. ಗೆರೆ ದಾಟಿದರೆ ಬೇರೆಯೇ ಜಾಗ. 'ಅಲಾಸ್ಕಕ್ಕೆ ಹೋಗು' ಎಂಬ ಸಲಹೆಗೆ ಅರ್ಥವಿಲ್ಲ ಎನ್ನುವುದು ಇದಕ್ಕೇ.

ಈ ಪಾಠ ಹೊಸದೇನೂ ಅಲ್ಲ, ನಮ್ಮ ಉಪಖಂಡದಲ್ಲೇ ಒಮ್ಮೆ ಕಲಿತು ಮರೆತದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ರಜೆ ಸಿಕ್ಕಿದ ಕೂಡಲೇ ಕಾಶ್ಮೀರಕ್ಕೆ ಓಡುತ್ತಿದ್ದರು. ಲಡಾಖಿನ ನ್ಯಾನ್, ಶಾಪು, ಭರಲ್ ಎಂಬ ಬೆಟ್ಟದ ಕುರಿಗಳು ಅವರ ಗುರಿ. ಅಲ್ಲಿಯ ಸಂಪ್ರದಾಯ ವಿಚಿತ್ರವಾಗಿತ್ತು. ಒಂದು ನಾಲಾದಲ್ಲಿ, ಅಂದರೆ ಪಕ್ಕದ ಕಣಿವೆಯಲ್ಲಿ, ಮೊದಲು ಡೇರೆ ಹೊಡೆದವನಿಗೆ ಅಲ್ಲಿಯ ಬೇಟೆಯ ಹಕ್ಕು. ಹಾಗಾಗಿ ಹಿಮ ಕರಗುವ ಮೊದಲೇ ಶ್ರೀನಗರದಿಂದ ಓಟ. ಸಾಹೇಬ ಹಿಂದೆ, ಅವನ ಶಿಕಾರಿಯಾಳು ಡೇರೆ ಹೊತ್ತು ಮುಂದೆ, ದಾರಿಯಲ್ಲಿ ಇನ್ನೊಬ್ಬ ಸಾಹೇಬನ ಕೂಲಿಗಳನ್ನು ರಾತ್ರೋರಾತ್ರಿ ದಾಟುವ ಹುನ್ನಾರ. ಆ ಕಾಲದ ಶಿಕಾರಿ ಪುಸ್ತಕಗಳಲ್ಲಿ ಟಗರಿನ ವರ್ಣನೆಗಿಂತ ಈ ಓಟದ ವರ್ಣನೆಯೇ ಸ್ವಾರಸ್ಯ. ಹೀಗೆ ಓಡಿ ಓಡಿ ಹತ್ತಿರದ ನಾಲಾಗಳು ಬರಿದಾದವು. ಆಮೇಲೆ ಕಾಶ್ಮೀರದ ದರ್ಬಾರು ಬೇಟೆಯ ಇಲಾಖೆ ಮಾಡಿ, ಪಾಸು ಇಟ್ಟು, ಇಷ್ಟೇ ತಲೆ ಎಂದು ಮಿತಿ ಹಾಕಿತು. ಅಲಾಸ್ಕದ ಗೈಡ್ ಆಗಸ್ಟ್ 10ಕ್ಕೆ ನಾಲ್ಕು ದಿನ ಮೊದಲೇ ಡೇರೆ ಹೊಡೆದು ಕಣಿವೆ ಕಾಯುವುದನ್ನು ಓದಿದಾಗ ನನಗೆ ಆ ಕೂಲಿಗಳೇ ಕಣ್ಣಮುಂದೆ ಬರುತ್ತಾರೆ.

ಯೂಕಾನ್, ಬ್ರಿಟಿಷ್ ಕೊಲಂಬಿಯ, ವಾಯವ್ಯ ಪ್ರಾಂತದ ಮೆಕೆಂಜಿ ಬೆಟ್ಟಗಳಲ್ಲಿ ಒಬ್ಬ ಔಟ್‌ಫಿಟರಿಗೆ, ಅಂದರೆ ಬೇಟೆ ಏರ್ಪಡಿಸುವವನಿಗೆ, ಒಂದು ಪ್ರದೇಶ ಎಂಬ ಪದ್ಧತಿ ಉಳಿದುಕೊಂಡಿದೆ. ಅಷ್ಟು ವಿಶಾಲವಾದ ಮೆಕೆಂಜಿಯಲ್ಲಿ ಅಂಥವರು ಎಂಟೇ ಮಂದಿ. ಈ ವರ್ಷ ಬಿಟ್ಟ ಟಗರು ಮುಂದಿನ ವರ್ಷ ತನ್ನದೇ ಗಿರಾಕಿಗೆ ಸಿಗುತ್ತದೆ ಎಂದು ಗೊತ್ತಿದ್ದರೆ ಬಿಡುವುದಕ್ಕೆ ಸಂತನಾಗಬೇಕಿಲ್ಲ, ವ್ಯಾಪಾರಿಯಾದರೆ ಸಾಕು. ಹಾಗೆಂದು ಇದೇ ಸ್ವರ್ಗ ಎನ್ನಲಾರೆ. ಪ್ರದೇಶದ ಹಕ್ಕು ಕೈಯಿಂದ ಕೈಗೆ ಮಾರಾಟವಾಗುತ್ತದೆ, ಕೊಂಡವನು ಸಾಲ ತೀರಿಸಬೇಕು, ಸಾಲದವನಿಗೆ ಹತ್ತನೇ ವರ್ಷದ ಟಗರಿಗಾಗಿ ಕಾಯುವ ತಾಳ್ಮೆ ಇರುವುದಿಲ್ಲ. ಸಾವಿರಾರು ವರ್ಷದಿಂದ ಅಲ್ಲಿದ್ದ ಮೂಲನಿವಾಸಿಗಳನ್ನು ಕೇಳದೆ ಗೆರೆ ಎಳೆದ ಪ್ರದೇಶಗಳು ಇವು. ಮಾಂಸವನ್ನು ಹತ್ತಿರದ ಹಳ್ಳಿಗಳಿಗೆ ಹಂಚುತ್ತೇವೆ ಎಂದು ಔಟ್‌ಫಿಟರುಗಳು ಹೆಮ್ಮೆಯಿಂದ ಹೇಳುತ್ತಾರೆ, ಹಂಚುವುದೂ ನಿಜ. ಆದರೆ ಮನೆ ಯಜಮಾನನಿಗೆ ಬಾಡಿಗೆದಾರ ಪಾಯಸ ಕಳಿಸಿದರೆ ಬಾಡಿಗೆ ತೀರಿದಂತಾಗುತ್ತದೆಯೇ?

ಒಡೆತನದ ಪ್ರಶ್ನೆಗೆ ನೇರ ಉತ್ತರ ಕೊಟ್ಟ ಜಾಗಗಳು ಗೆಳೆಯನ ಪಟ್ಟಿಯಲ್ಲಿ ಇರಲೇ ಇಲ್ಲ, ಇದ್ದರೂ ಕೆಳಗಿದ್ದವು. ಬಲೂಚಿಸ್ತಾನದ ಕಿಲ್ಲಾ ಸೈಫುಲ್ಲಾ ಜಿಲ್ಲೆಯ ತೋರ್ಘರ್ ಬೆಟ್ಟಗಳನ್ನೇ ನೋಡಿ. ಅಫ್ಘನ್ ಯುದ್ಧದ ಕಾಲದಲ್ಲಿ ಪ್ರತಿ ಮನೆಗೂ ಸ್ವಯಂಚಾಲಿತ ಬಂದೂಕು ಬಂತು. 1980ರ ದಶಕದ ನಡುವಿಗೆ ಉರಿಯಲ್ ಕುರಿ, ಮಾರ್ಖೋರ್ ಎಂಬ ಕಾಡು ಆಡು ಎರಡೂ ಮುಗಿದಂತಾಗಿದ್ದವು. ಮಾರ್ಖೋರ್ ನೂರಕ್ಕಿಂತ ಕಡಿಮೆ ಉಳಿದಿದ್ದವು ಎಂಬ ಅಂದಾಜಿದೆ. ಅಲ್ಲಿಯ ನವಾಬ ತೈಮೂರ್ ಶಾ ಜೋಗೆಜೈ ಒಂದು ಉಪಾಯ ಮಾಡಿದ. ಊರಿನವರೆಲ್ಲ ಬೇಟೆ ಬಿಡಬೇಕು, ಬೇಟೆಗಾರರೇ ಕಾವಲುಗಾರರಾಗಬೇಕು, ವರ್ಷಕ್ಕೆ ಬೆರಳೆಣಿಕೆಯ ಟಗರುಗಳನ್ನು ಹೊರದೇಶದವರಿಗೆ ಹೊಡೆಯಲು ಕೊಟ್ಟು ಆ ದುಡ್ಡಿನಲ್ಲಿ ಸಂಬಳ ಕೊಡಬೇಕು. ಎರಡು ದಶಕ ಕಳೆದಾಗ ಮಾರ್ಖೋರ್ ಎರಡು ಸಾವಿರ ಮೀರಿತ್ತು, ಉರಿಯಲ್ಲೂ ಹೆಚ್ಚಿತ್ತು. ಪಾಕಿಸ್ತಾನ ಆಮೇಲೆ ಇದನ್ನು ನೀತಿಯಾಗಿಸಿ, ಟ್ರೋಫಿ ಶುಲ್ಕದ 80 ಭಾಗ ಊರಿಗೆ, 20 ಭಾಗ ಸರ್ಕಾರಕ್ಕೆ ಎಂದಿತು. ನವಾಬನ ಮಾತಿಗೆ ಎದುರಿಲ್ಲದ ಬುಡಕಟ್ಟು ವ್ಯವಸ್ಥೆ ಇಲ್ಲದಿದ್ದರೆ ಇದು ನಡೆಯುತ್ತಿತ್ತೇ ಎಂಬ ಪ್ರಶ್ನೆ ನನ್ನಲ್ಲೂ ಇದೆ. ಅಲ್ಲಿ ಕೊಂಬಿನ ಸರಾಸರಿ ಕೇಳಿದರೆ ಅಲಾಸ್ಕದವರು ನಗಬಹುದು.

ಮೆಕ್ಸಿಕೊದ ಟಿಬುರೋನ್ ದ್ವೀಪ ಇನ್ನೊಂದು. ಸುಮಾರು 1200 ಚದರ ಕಿಲೋಮೀಟರಿನ ಒಣ ದ್ವೀಪ, ಒಡೆಯರು 'ಸೇರಿ' ಎಂಬ ಜನಾಂಗ. ತಮ್ಮನ್ನು ತಾವು ಕೊಮ್ಕಾಕ್ ಎಂದು ಕರೆದುಕೊಳ್ಳುತ್ತಾರೆ. 1975ರಲ್ಲಿ 16 ಹೆಣ್ಣು, 4 ಗಂಡು ಮರುಭೂಮಿ ಬಿಗ್‌ಹಾರ್ನ್‌ಗಳನ್ನು ಅಲ್ಲಿಗೆ ತಂದು ಬಿಟ್ಟರು. ಎರಡು ದಶಕದಲ್ಲಿ ಐನೂರರ ಆಸುಪಾಸಿಗೆ ಬೆಳೆದವು. 1990ರ ದಶಕದಿಂದ ಪರವಾನಗಿ ಹರಾಜು, ಹಣ ಜನಾಂಗಕ್ಕೆ, ಜೊತೆಗೆ ಅಲ್ಲಿಂದ ಹಿಡಿದ ಕುರಿಗಳು ಸೊನೋರದ ಬರಿದಾದ ಬೆಟ್ಟಗಳಿಗೆ ಬೀಜ. ಶುದ್ಧತೆಯ ಪಕ್ಷಪಾತಿಗಳು, ತಂದು ಬಿಟ್ಟ ಕುರಿ ಕಾಡಿನ ಕುರಿಯೇ ಎಂದು ಮೂಗು ಮುರಿಯುತ್ತಿದ್ದರು. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದ್ವೀಪದ ಒಂದು ಗುಹೆಯಲ್ಲಿ ಸಿಕ್ಕ ಹಳೆಯ ಹಿಕ್ಕೆಯ ವಂಶವಾಹಿ ನೋಡಿದರೆ ಅದು ಬಿಗ್‌ಹಾರ್ನ್‌ನದು, ಸುಮಾರು 1500 ವರ್ಷ ಹಳೆಯದು. ಕುರಿ ಒಮ್ಮೆ ಅಲ್ಲೇ ಇತ್ತು, ನಡುವೆ ಅಳಿದಿತ್ತು, ಯಾರಿಗೂ ನೆನಪಿರಲಿಲ್ಲ.

ತಾಜಿಕಿಸ್ತಾನವನ್ನು ಜೀಪಿನ ಕಾರಣಕ್ಕೆ ಹೀಯಾಳಿಸಿದೆ, ಪೂರ್ತಿ ನ್ಯಾಯವಲ್ಲ. ಪಾಮಿರ್‌ನಲ್ಲಿ ಖಾಸಗಿ ಕಂಪನಿಗಳ ದೊಡ್ಡ ಗುತ್ತಿಗೆಗಳ ಪಕ್ಕದಲ್ಲೇ ಹಳ್ಳಿಯವರು ನಡೆಸುವ ಸಣ್ಣ ಬೇಟೆ ಪ್ರದೇಶಗಳೂ ಇವೆ. ಕಾವಲಿಗೆ ನಿಂತ ಮೇಲೆ ಕಳ್ಳಬೇಟೆ ಇಳಿದದ್ದು ಎರಡು ಕಡೆಯೂ ಕಂಡಿದೆ. ಅಲ್ಲಿಯ ಮಾರ್ಕೊ ಪೋಲೊ ಕುರಿಯ ಹೆಸರಿನ ಚರಿತ್ರೆಯಲ್ಲಿ ನಮ್ಮ ಪಾಲೂ ಒಂದಿಷ್ಟಿದೆ. ಬೊಗಸೆಯಷ್ಟು ದೊಡ್ಡ ಬಟ್ಟಲು ಮಾಡಬಹುದಾದ ಕೊಂಬಿನ ಕುರಿಯನ್ನು ಕಂಡೆ ಎಂದು ಹದಿಮೂರನೇ ಶತಮಾನದ ವೆನಿಸ್ಸಿನ ಪ್ರವಾಸಿ ಹೇಳಿದ್ದನ್ನು ಜನ ಕಟ್ಟುಕಥೆ ಎಂದುಕೊಂಡಿದ್ದರು. 1838ರಲ್ಲಿ ಜಾನ್ ವುಡ್ ಪಾಮಿರ್‌ನಿಂದ ಕೊಂಬು ತಂದ ಮೇಲೆ, 1841ರಲ್ಲಿ ಅದಕ್ಕೆ ಪ್ರವಾಸಿಯ ಹೆಸರಿಟ್ಟವನು ಎಡ್ವರ್ಡ್ ಬ್ಲೈತ್. ಅದೇ ವರ್ಷ ಅವನು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಂಗ್ರಹಾಲಯಕ್ಕೆ ಬಂದು ಎರಡು ದಶಕ ದುಡಿದ.

ಮಂಗೋಲಿಯದ ಆಲ್ತಾಯ್ ಅರ್ಗಾಲಿ ಎಲ್ಲ ಕಾಡುಕುರಿಗಳಲ್ಲಿ ಮೈತೂಕಕ್ಕೆ ದೊಡ್ಡದು, ಹಾಗಾಗಿ ಪಟ್ಟಿಯಲ್ಲಿ ಮೇಲಿತ್ತು. ಅಲ್ಲಿ ಪರವಾನಗಿ ಸರ್ಕಾರದ ಕೈಲಿದೆ. 2019ರ ಆಗಸ್ಟಿನಲ್ಲಿ ಡೊನಾಲ್ಡ್ ಟ್ರಂಪ್ ಜೂನಿಯರ್ ಅಲ್ಲಿ ಅರ್ಗಾಲಿ ಹೊಡೆದ; ಪರವಾನಗಿ ಕೊಟ್ಟದ್ದು ಹೊಡೆದ ಮೇಲೆ, ಸೆಪ್ಟೆಂಬರ್ 2ರಂದು ಎಂದು ಪ್ರೊಪಬ್ಲಿಕಾ ಸುದ್ದಿಸಂಸ್ಥೆ ವರದಿ ಮಾಡಿತು. ದೊಡ್ಡವರ ಮಕ್ಕಳಿಗೆ ಮೊದಲು ಮೆರವಣಿಗೆ, ಆಮೇಲೆ ಮುಹೂರ್ತ. ಆ ಜಾಗದ ಬಗ್ಗೆ ತಿಳಿಯಬೇಕಾದ್ದನ್ನು ಇದೊಂದೇ ಸಂಗತಿ ಹೇಳಿಬಿಡುತ್ತದೆ, ಕೊಂಬಿನ ಅಂಗುಲ ಎಷ್ಟೇ ಇರಲಿ.

ದುಡ್ಡಿನ ಅಂಕಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಮೆರಿಕದ ರಾಜ್ಯಗಳು ವರ್ಷಕ್ಕೊಂದೆರಡು ಪರವಾನಗಿಗಳನ್ನು ಹರಾಜಿಗಿಡುತ್ತವೆ. ಮೊಂಟಾನದ್ದು 2013ರಲ್ಲಿ 4,80,000 ಡಾಲರಿಗೆ ಹೋಯಿತು, ನ್ಯೂ ಮೆಕ್ಸಿಕೊದ್ದು 2025ರಲ್ಲಿ 13 ಲಕ್ಷ ಡಾಲರಿಗೆ. ಆ ಹಣ ಬಹುಪಾಲು ಕುರಿಗಳ ಕೆಲಸಕ್ಕೇ ಹೋಗುತ್ತದೆ, ಅದನ್ನು ಅಲ್ಲಗಳೆಯುವುದು ಮೂರ್ಖತನ. ಆದರೆ ಹೆಚ್ಚು ಕೊಟ್ಟರೆ ಹೆಚ್ಚು ಉಳಿಯುತ್ತದೆ ಎಂಬ ಸೂತ್ರ ಅದರಿಂದ ಹುಟ್ಟುವುದಿಲ್ಲ. ಗೈಡಿಗೆ ಕೊಡುವ ಐವತ್ತು ಸಾವಿರದಲ್ಲಿ ಎಷ್ಟು ಬೆಟ್ಟದಲ್ಲಿ ಉಳಿಯಿತು, ಎಷ್ಟು ವಿಮಾನದ ಪೆಟ್ರೋಲಿಗೆ, ಎಷ್ಟು ಬೇಟೆ ಮೇಳದ ಮಳಿಗೆಯ ಬಾಡಿಗೆಗೆ ಹೋಯಿತು ಎಂಬ ಪ್ರಶ್ನೆಗೆ ಅಂಕಣವೇ ಇಲ್ಲ.

ಇಷ್ಟು ಹೊತ್ತಿಗೆ ಕೆಲವು ಓದುಗರಿಗೆ ಸಿಟ್ಟು ಬಂದಿರುತ್ತದೆ. 1972ರ ಕಾಯ್ದೆಯಿಂದ ನಮ್ಮಲ್ಲಿ ಬೇಟೆ ನಿಷಿದ್ಧ, ಟಗರನ್ನು ಯಾಕೆ ಹೊಡೆಯಬೇಕು, ಎಲ್ಲಿ ಎಂಬ ಚರ್ಚೆಯೇ ಅಸಹ್ಯ ಎಂದು. ನನಗೂ ಹೊಡೆಯುವ ಆಸೆಯಿಲ್ಲ. ಆದರೆ ಹೊಡೆಯುವುದು ನಿಂತ ಮಾತ್ರಕ್ಕೆ ಕುರಿ ಬಂದುಬಿಡುತ್ತದೆ ಎಂಬ ನಂಬಿಕೆಯೂ ಒಂದು ಸುಲಭದ ಅಭಿಪ್ರಾಯವೇ. ಲಡಾಖಿನಲ್ಲಿ ಬೇಟೆ ನಿಷೇಧವಾಗಿ ಅರ್ಧ ಶತಮಾನವಾಗುತ್ತ ಬಂತು, ನ್ಯಾನ್ ಇನ್ನೂ ಕೆಲವೇ ನೂರು. ಸಾಕುಕುರಿಯ ಹಿಂಡು ಬಂದ ಕೂಡಲೇ ನ್ಯಾನ್ ಒಳ್ಳೆಯ ಹುಲ್ಲು ಬಿಟ್ಟು ಕಡಿದಾದ ಬರಡು ಇಳಿಜಾರಿಗೆ ಸರಿಯುತ್ತದೆ ಎಂದು ಅಲ್ಲಿ ನಡೆದ ಅಧ್ಯಯನ ತೋರಿಸಿದೆ. ಅಮೆರಿಕದಲ್ಲಿ ಇದಕ್ಕಿಂತ ಕೆಟ್ಟದ್ದು ನಡೆಯುತ್ತದೆ. ಸಾಕುಕುರಿಯ ಮೂಗಿನಲ್ಲಿ ಸದ್ದಿಲ್ಲದೆ ಇರುವ ಮೈಕೋಪ್ಲಾಸ್ಮ ಎಂಬ ಸೂಕ್ಷ್ಮಾಣು ಬಿಗ್‌ಹಾರ್ನ್ ಹಿಂಡಿಗೆ ತಗುಲಿದರೆ ನ್ಯುಮೋನಿಯಾ ಹರಡಿ ಹಿಂಡೇ ಮಲಗುತ್ತದೆ, ಬದುಕಿದ ತಾಯಂದಿರ ಮರಿಗಳು ಮುಂದಿನ ಹಲವು ವರ್ಷ ಸಾಯುತ್ತಲೇ ಇರುತ್ತವೆ. ನಮ್ಮ ಕುರಿಗಾಹಿಗಳಿಗೆ ಹಿರೇಬೇನೆ ಎಂದು ಗೊತ್ತಿರುವ ಪಿಪಿಆರ್ ಮಂಗೋಲಿಯಕ್ಕೆ ಹೊಕ್ಕು 2017ರ ಚಳಿಗಾಲದಲ್ಲಿ ಸಾವಿರಾರು ಸೈಗಾ ಹುಲ್ಲೆಗಳನ್ನು ಕೊಂದಿತು. ಪಕ್ಕದ ಕಣಿವೆಯಲ್ಲಿ ಯಾರ ಕುರಿ ಮೇಯುತ್ತಿದೆ ಎಂದು ಕೇಳದೆ ಕಾಡುಕುರಿಯ ಜಾಗ ಆರಿಸುವವನು ಬಾವಿ ನೋಡದೆ ಮನೆ ಕೊಂಡವನು.

ಗೈಡಿನ ನಿಜವಾದ ಕಸುಬು ಎಲ್ಲಿದೆ ಎಂದರೆ ಎಣಿಕೆಯಲ್ಲಿ. ಟಗರಿನ ಕೊಂಬಿನ ಮೇಲೆ ಪ್ರತಿ ಚಳಿಗಾಲವೂ ಒಂದು ಗೆರೆ ಬೀಳುತ್ತದೆ. ಅರ್ಧ ಕಿಲೋಮೀಟರ್ ದೂರದಿಂದ, ಗಾಳಿಗೆ ನಡುಗುವ ದುರ್ಬೀನಿನಲ್ಲಿ, ಆ ಗೆರೆಗಳನ್ನು ಎಣಿಸಿ ಇದು ಏಳು, ಇದು ಒಂಬತ್ತು ಎಂದು ಹೇಳಬೇಕು. ಸಂತೆಯಲ್ಲಿ ನಮ್ಮವರು ತುಟಿ ಎತ್ತಿ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ಹೇಳಿದ ಹಾಗೆ, ಆದರೆ ತುಟಿ ಎತ್ತಲು ಟಗರು ಕೈಗೆ ಸಿಗುವುದಿಲ್ಲ. ಈ ವಿದ್ಯೆ ಒಂದೇ ಬೆಟ್ಟದಲ್ಲಿ ವರ್ಷಗಟ್ಟಲೆ ಇದ್ದವನಿಗೆ ಬರುತ್ತದೆ, ಇರಲು ಕಾರಣವಿದ್ದವನು ಮಾತ್ರ ಇರುತ್ತಾನೆ.

ಇದನ್ನೆಲ್ಲ ಬರೆದು ಕಳಿಸಿದೆ. ಗೆಳೆಯ ಮೊದಲು, 'ನಿನಗೆ ಒಂದು ಹೆಸರು ಹೇಳು ಅಂದ್ರೆ ಪುರಾಣ ಬರೀತೀಯ' ಎಂದು ಬೈದ. ಆಮೇಲೆ ಪಟ್ಟಿಯ ಮೂರು ಅಂಕಣ ಅಳಿಸಿ, ಒಂದೇ ಪ್ರಶ್ನೆ ಇಟ್ಟುಕೊಂಡು ಮೂವರು ಗೈಡುಗಳಿಗೆ ಫೋನು ಮಾಡಿದನಂತೆ: ಹೊಡೆಯಲು ಕಾನೂನಿನ ಅಡ್ಡಿಯಿಲ್ಲದಿದ್ದರೂ ಹೋದ ವರ್ಷ ನೀವು ನೋಡಿ ಬಿಟ್ಟ ಟಗರು ಎಷ್ಟು? ಒಬ್ಬ ತಮ್ಮಲ್ಲಿ ಯಶಸ್ಸು ನೂರಕ್ಕೆ ನೂರು ಎಂದ. ಇನ್ನೊಬ್ಬನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮೂರನೆಯವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆರು' ಎಂದನಂತೆ. 'ಒಂದಕ್ಕೆ ಎಡಗೊಂಬಿನ ತುದಿ ಮುರಿದಿದೆ. ಫೆಬ್ರವರಿಯಲ್ಲಿ ಮಳೆ ಬಿತ್ತು. ನಾಲ್ಕಾದರೂ ಉಳಿದಿರಬೇಕು, ಜುಲೈಯಲ್ಲಿ ಹತ್ತಿ ನೋಡಿದ ಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ ಮುಂಗಡ ಕಳಿಸಬೇಡಿ.'